ಏಯ್ನರ್ ಬಾಕ್‌ನ ಹೊಟ್ಟೆಯಲ್ಲಿದ್ದ ಇಕ್ಕಳ

2025ನೇ ಇಸವಿ ಮಾರ್ಚ್ 10, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಹಾವ್ರಿಂಗ್ ಎಂಬ ಚಿಕ್ಕ ಬಂದರು ಊರಿನ ಪೊಲೀಸ್ ಠಾಣೆಗೆ ದೂರುದಾರನೊಬ್ಬ ಬಂದ. ಮೈಮೇಲೆ ಆಸ್ಪತ್ರೆಯ ಅಂಗಿ, ಕಾಲಿಗೆ ಹಂದಿ ಕೊಟ್ಟಿಗೆಯ ರಬ್ಬರ್ ಬೂಟು, ಕೈಯಲ್ಲಿ ಗ್ಲೂಕೋಸ್ ಚೀಲ ತೂಗುಹಾಕಿದ ಚಕ್ರದ ಕಂಬ. ಆಸ್ಪತ್ರೆ ಠಾಣೆಯ ಎದುರಿಗೇ ಇದೆ, ರಸ್ತೆ ದಾಟಿದರೆ ಆಯಿತು. ಆದರೂ ಸೈಕಲ್ ದಾರಿಯ ಅಂಚಿನಲ್ಲಿ ಕಂಬದ ಚಕ್ರ ಸಿಕ್ಕಿಕೊಂಡು, ಇಬ್ಬರು ಸೈಕಲ್ ಸವಾರರು ಇಳಿದು ಎತ್ತಿಕೊಡಬೇಕಾಯಿತು.

ಇನ್‌ಸ್ಪೆಕ್ಟರ್ ಪ್ರೇಬೆನ್ ಹಾಯರ್ ರೈ ಬ್ರೆಡ್ಡಿನ ಮೇಲೆ ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿ ಜೋಡಿಸುತ್ತಿದ್ದ. ದೂರುದಾರನನ್ನು ನೋಡಿ ಬ್ರೆಡ್ಡನ್ನು ಡ್ರಾಯರಿಗೆ ಸೇರಿಸಿದ.

"ಏನು ಕಳವಾಗಿದೆ?"

"ಇಕ್ಕಳ. ಆಪರೇಷನ್ ಮಾಡುವಾಗ ರಕ್ತನಾಳ ಹಿಡಿಯೋ ಸ್ಟೀಲಿನ ಇಕ್ಕಳ. ಒಂದು ಗೇಣುದ್ದ."

"ಯಾರದು?"

"ನಂದೇ."

"ಎಷ್ಟು ವರ್ಷದಿಂದ ನಿಮ್ಮ ಹತ್ರ ಇತ್ತು?"

"ಮೂವತ್ತೆಂಟು."

"ಎಲ್ಲಿಟ್ಟಿದ್ರಿ?"

ಏಯ್ನರ್ ಬಾಕ್ ಅಂಗಿಯನ್ನು ಸ್ವಲ್ಪ ಎತ್ತಿ ಹೊಟ್ಟೆ ತೋರಿಸಿದ. ಐದು ದಿನದ ಹೊಲಿಗೆ ಇನ್ನೂ ಕೆಂಪಗಿತ್ತು.

ಹಾವ್ರಿಂಗ್‌ನಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಎಪ್ಪತ್ತೊಂದು ವರ್ಷದ ಹಂದಿ ಸಾಕಣೆಗಾರ ಏಯ್ನರ್‌ಗೆ ಕರುಳು ಸುತ್ತಿಕೊಂಡಂತೆ ಹೊಟ್ಟೆನೋವು ಬಂದಿತ್ತು. ಎಕ್ಸ್‌ರೇ ತೆಗೆದರೆ ಒಳಗೆ ಇಕ್ಕಳ. 1987ರ ಜನವರಿಯಲ್ಲಿ ಅವನದೇ ಗಂಡುಹಂದಿ ಅವನನ್ನು ಕೆಡವಿ ತುಳಿದು, ಗುಲ್ಮ ಒಡೆದು, ಇದೇ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಅಂದು ಒಳಗೆ ಉಳಿದದ್ದು ಕಳೆದ ಬುಧವಾರ ಹೊರಗೆ ಬಂತು. ಶುಕ್ರವಾರದ ಪತ್ರಿಕೆ ಎಕ್ಸ್‌ರೇ ಚಿತ್ರವನ್ನು ಮೊದಲ ಪುಟದಲ್ಲಿ ಅಚ್ಚುಹಾಕಿತು. ಮಯೋರ್ಕಾ ದ್ವೀಪಕ್ಕೆ ರಜೆಗೆ ಹೋಗುವಾಗಲೆಲ್ಲ ವಿಮಾನ ನಿಲ್ದಾಣದ ತಪಾಸಣೆಯ ಬಾಗಿಲು ಏಯ್ನರ್‌ನನ್ನು ಕಂಡು ಕೂಗುತ್ತಿದ್ದದ್ದು ಯಾಕೆಂದು ಅವನ ಹೆಂಡತಿಗೆ ಅಂದು ತಿಳಿಯಿತು. ಅಲ್ಲಿಯವರೆಗೆ ಆಕೆ ಅವನಿಗೆ ಹನ್ನೊಂದು ಬೆಲ್ಟು ಬದಲಾಯಿಸಿದ್ದಳು.

"ಆಸ್ಪತ್ರೆಯವರು ಅದು ತಮ್ಮದು ಅಂತಾರಲ್ಲ?"

"ಅವರದಾದ್ರೆ ಮೂವತ್ತೆಂಟು ವರ್ಷ ಕೇಳ್ಬೇಕಿತ್ತು. ಕೇಳಿದ್ರಾ? ಬೇರೆಯವರ ಕರು ನನ್ನ ಕೊಟ್ಟಿಗೆಯಲ್ಲಿ ಮೂವತ್ತೆಂಟು ವರ್ಷ ಮೇಯ್ದ್ರೆ ಅದು ಯಾರದು? ಬರ್ಕೋ. ಈ ಕುರ್ಚೀಲಿ ಮೊದಲಿನ ಹಾಗೆ ನಿಮ್ಮಪ್ಪ ಕೂತಿದ್ದಿದ್ರೆ ಇಷ್ಟು ಹೊತ್ತಿಗೆ ಬರ್ಕೊಂಡಿರೋನು."

ಪ್ರೇಬೆನ್ ಬರೆದುಕೊಂಡ. ಎಫ್‌ಐಆರ್ ನಮೂನೆಯಲ್ಲಿ "ವಸ್ತುವನ್ನು ಸಾಮಾನ್ಯವಾಗಿ ಇಡುತ್ತಿದ್ದ ಸ್ಥಳ" ಎಂಬಲ್ಲಿ "ದೂರುದಾರರ ಉದರ" ಎಂದು ಟೈಪು ಮಾಡಿದ. ಗಣಕಯಂತ್ರ ಒಪ್ಪದೆ ಮನೆ ನಂಬರು ಕೇಳಿತು. ಏಯ್ನರ್ ತನ್ನ ಮನೆಯ ನಂಬರು ಹೇಳಿದ. ಹೊಟ್ಟೆ ಇದ್ದದ್ದು ಅಲ್ಲೇ ತಾನೆ ಎಂದು ಅವನ ವಾದ. ಪ್ರಕರಣ ದಾಖಲಾಯಿತು.

ನಗುವ ಸಂಗತಿಯೇ. ಆದರೆ ಪ್ರೇಬೆನ್ ಪೂರ್ತಿ ನಗುವಂತಿರಲಿಲ್ಲ. ಇಕ್ಕಳ ಯಾರಿಂದ ಉಳಿಯಿತೆಂದು ತೀರ್ಮಾನಿಸಲು ಗುರುವಾರ ಬೆಳಿಗ್ಗೆ ಹತ್ತಕ್ಕೆ ವೈದ್ಯಕೀಯ ಮಂಡಳಿ ಕೂರಲಿತ್ತು. ಆಪರೇಷನ್ ಮಾಡಿದ ದೊಡ್ಡ ಡಾಕ್ಟರ್ ಹೋಲ್ಗರ್ ಆರು ವರ್ಷದ ಹಿಂದೆ ತೀರಿಕೊಂಡಿದ್ದರು. ಉಳಿದದ್ದು ಅಂದಿನ ದಾಖಲೆಯ ಒಂದು ಸಾಲು: "ಇಕ್ಕಳ 24. ಲೆಕ್ಕ ಸರಿ. ಜಿ.ಟಿ." ಜಿ.ಟಿ. ಎಂದರೆ ಗುಡ್ರುನ್ ಥೂಸೆನ್. ನಲವತ್ತೊಂದು ವರ್ಷ ಆಪರೇಷನ್ ಥಿಯೇಟರಿನ ನರ್ಸ್, ಈಗ ಎಪ್ಪತ್ತೆಂಟು. ಹೊಟ್ಟೆ ಮುಚ್ಚುವ ಮೊದಲು ಇಕ್ಕಳ, ಸೂಜಿ, ಹತ್ತಿಬಟ್ಟೆಗಳನ್ನು ಇಬ್ಬರು ಗಟ್ಟಿಯಾಗಿ ಎಣಿಸಬೇಕಲ್ಲ, ಆ ಎಣಿಕೆಗೆ ಈ ಆಸ್ಪತ್ರೆಯಲ್ಲಿ "ಗುಡ್ರುನ್ ಲೆಕ್ಕ" ಎಂದೇ ಹೆಸರು. ಹೊಸ ನರ್ಸುಗಳಿಗೆ ಇವತ್ತಿಗೂ ಅದನ್ನೇ ಕಲಿಸುತ್ತಾರೆ. ಇಕ್ಕಳದ ಮೇಲೆ ಆಸ್ಪತ್ರೆಯ ಮುದ್ರೆ ಇದ್ದರೆ ಆ ಹೆಸರು ಮಣ್ಣುಪಾಲು. ಇಕ್ಕಳವೇ ಸಿಗದಿದ್ದರೂ ಅಷ್ಟೆ. ಸತ್ತವರನ್ನು ಕೇಳುವಂತಿಲ್ಲ, ಸಹಿ ಮಾಡಿದಾಕೆ ಬದುಕಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುವಂತೆ ಎಲ್ಲ ಆಕೆಯ ತಲೆಗೆ ಬರುವುದು ಖಂಡಿತ.

ಇನ್ನೊಂದು ಸಣ್ಣ ಸಂಗತಿಯೂ ಇತ್ತು. 1989ರಲ್ಲಿ, ಹತ್ತು ವರ್ಷದವನಿದ್ದಾಗ, ಪ್ರೇಬೆನ್‌ನ ಅಪೆಂಡಿಕ್ಸ್ ತೆಗೆದದ್ದು ಇದೇ ಡಾಕ್ಟರ್, ಎಣಿಸಿದ್ದು ಇದೇ ಗುಡ್ರುನ್. ಶುಕ್ರವಾರದಿಂದ ಅವನ ಕೈ ತನಗರಿವಿಲ್ಲದೆ ಹೊಟ್ಟೆಯ ಬಲಭಾಗಕ್ಕೆ ಹೋಗುತ್ತಿತ್ತು.

ಮಧ್ಯಾಹ್ನ 12.15ಕ್ಕೆ ಪ್ರೇಬೆನ್ ಮತ್ತು ಹೆಡ್ ಕಾನ್‌ಸ್ಟೆಬಲ್ ಯೂತ್ತೆ ಕೋಫೋದ್ ಸ್ಥಳ ಮಹಜರಿಗೆ ಹೋದರು. ಯೂತ್ತೆಗೆ ಅರವತ್ತೊಂದು ವರ್ಷ. ಊರಿನಲ್ಲಿ ಯಾರ ಮನೆಯ ಬೆಕ್ಕು ಯಾರ ಮನೆಯಲ್ಲಿ ಹಾಲು ಕುಡಿಯುತ್ತದೆ ಎನ್ನುವುದೂ ಅವಳಿಗೆ ಗೊತ್ತು. ಶಸ್ತ್ರಚಿಕಿತ್ಸಾ ವಾರ್ಡಿನ ಡಾಕ್ಟರ್ ಲೂವೀಸೆ ರೌನ್ ಇಬ್ಬರನ್ನೂ ಸಾಮಾನಿನ ಕೋಣೆಗೆ ಕರೆದೊಯ್ದರು.

"ಔಷಧದ ನೀರು ತುಂಬಿದ ಗಾಜಿನ ಭರಣಿಯಲ್ಲಿ ಹಾಕಿ, ಮುಚ್ಚಳಕ್ಕೆ ಪಟ್ಟಿ ಅಂಟಿಸಿ, ಈ ಬೀರುವಿನಲ್ಲಿ ಇಟ್ಟಿದ್ದೆ," ಎಂದರು ಡಾ. ರೌನ್. "ಮಂಡಳಿಯವರ ಎದುರಿಗೇ ತೆಗೀಬೇಕು ಅಂತ ನಿಯಮ."

"ಮುದ್ರೆ ನೋಡಲಿಲ್ವಾ?"

"ಕಾಣ್ಬೇಕಲ್ಲ. ಮೂವತ್ತೆಂಟು ವರ್ಷದ ಮಾಂಸದ ಗಂಟು ಅದರ ಸುತ್ತ ಬೆಳೆದಿತ್ತು. ಕೆರೆದ್ರೆ ನಾನೇ ಸಾಕ್ಷ್ಯ ಹಾಳು ಮಾಡಿದೆ ಅಂತಾರೆ."

ಭರಣಿ ಬೀರುವಿನಲ್ಲೇ ಇತ್ತು. ಖಾಲಿ. ಥಳಥಳ ತೊಳೆದು, ಒರೆಸಿ, ನಾಲ್ಕು ಮಡಿಕೆಯ ಬಿಳಿ ಕಾಗದದ ಮೇಲೆ ಬೋರಲು ಹಾಕಿತ್ತು. ಪಕ್ಕದಲ್ಲಿ ಮುಚ್ಚಳ, ಅದೂ ಬೋರಲು. ಅಂಟಿಸಿದ್ದ ಪಟ್ಟಿಯನ್ನು ಹರಿಯದೆ ಬಿಡಿಸಿ ಮಡಚಿಟ್ಟಿತ್ತು.

ಯೂತ್ತೆ ಸ್ವಲ್ಪ ಹೊತ್ತು ನೋಡಿದಳು. "ಗಂಡಸರ ಕೆಲಸ ಅಲ್ಲ."

"ಅದು ಸಾಕ್ಷ್ಯ ಅಲ್ಲ, ಯೂತ್ತೆ."

"ನನ್ನ ಗಂಡನ್ನ ಕಟ್ಕೊಂಡು ಮೂವತ್ತಾರು ವರ್ಷ ಆಯ್ತು. ನನಗದು ಸಾಕ್ಷ್ಯನೇ."

ಬೀರುವಿಗೆ ಬೀಗವಿರಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ದಾರದಲ್ಲಿ ಹಳೆಯ ದಪ್ಪ ರಿಜಿಸ್ಟರೊಂದು ನೇತಾಡುತ್ತಿತ್ತು. ಪ್ರೇಬೆನ್ ಅದೇನೆಂದು ಕೇಳಿದ. ಸಾಮಾನು ಹೊರಗೆ ಒಯ್ಯುವಾಗ ಬರೆಯುತ್ತಿದ್ದ ವಹಿ, ಈಗ ಎಲ್ಲ ಕಂಪ್ಯೂಟರಿನಲ್ಲಿ, ಅದನ್ನು ಯಾರೂ ಮುಟ್ಟುವುದಿಲ್ಲ, ಮೊಳೆ ಕೀಳಲು ಪುರುಸೊತ್ತಿಲ್ಲ ಎಂದರು ಡಾ. ರೌನ್. ಪ್ರೇಬೆನ್ ಮಹಜರಿನಲ್ಲಿ "ಹಳೆಯ ವಹಿ ಒಂದು" ಎಂದು ಬರೆದು ಮುಂದಕ್ಕೆ ಹೋದ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕುವವರ ಸಾಲಿಗೆ ಅವನು ಸೇರಿದ್ದು ಆ ಕ್ಷಣದಲ್ಲಿ.

ಭರಣಿಯನ್ನು ಕೊನೆಯದಾಗಿ ಕಂಡದ್ದು ಭಾನುವಾರ ಮಧ್ಯಾಹ್ನ ಒಂದಕ್ಕೆ. ಖಾಲಿ ಎಂದು ತಿಳಿದದ್ದು ಸೋಮವಾರ ಬೆಳಿಗ್ಗೆ ಎಂಟಕ್ಕೆ. ನಡುವೆ ಭಾನುವಾರ ಎರಡರಿಂದ ನಾಲ್ಕರವರೆಗೆ ಭೇಟಿಯ ಸಮಯ. ಯೂತ್ತೆ ಸಂಜೆಯೊಳಗೆ ಬಂದವರ ಪಟ್ಟಿ ಮಾಡಿ ತಂದಳು.

"ಅರವತ್ತಮೂರು ಜನ, ಪ್ರೇಬೆನ್. ಒಂದು ಹೊಟ್ಟೆ ನೋಡೋಕೆ. ಹಂದಿ ಸಾಕೋರ ಸಂಘದವರು ಬಸ್ಸು ಮಾಡ್ಕೊಂಡು ಬಂದಿದ್ದಾರೆ."

"ವಾರ್ಡಿನವರು ಯಾರ್ಯಾರಿದ್ರು?"

"ಇಬ್ಬರು ನರ್ಸು. ಒಬ್ಬ ಸಹಾಯಕ. ಆಮೇಲೆ ಕಾಫಿ ಕೊಡೋ ಗುಡ್ರುನ್. ಆಕೆ ನಿವೃತ್ತಿಯಾದ್ಮೇಲೂ ಪ್ರತಿ ಭಾನುವಾರ ಬರ್ತಾರಲ್ಲ, ಗಾಡಿ ತಳ್ಕೊಂಡು."

ಇಬ್ಬರೂ ಅರವತ್ತಮೂರು ಜನರ ಬಗ್ಗೆ ಯೋಚಿಸತೊಡಗಿದರು. ಕಾಫಿ ಕೊಡುವವರನ್ನು ಯಾರು ತಾನೇ ಲೆಕ್ಕಕ್ಕೆ ಹಿಡಿಯುತ್ತಾರೆ?

ಸಂಜೆ ಐದಕ್ಕೆ ಪ್ರೇಬೆನ್ ಗುಡ್ರುನ್ ಮನೆಗೆ ಹೋದದ್ದು ವಿಚಾರಣೆಗಲ್ಲ, ಸಮಾಧಾನ ಹೇಳಲು. ಬಂದರಿನ ಬೀದಿಯ ಹಳದಿ ಇಟ್ಟಿಗೆಯ ಮನೆ. ಚಪ್ಪಲಿಗಳು ಬಾಗಿಲಲ್ಲಿ ಅಳತೆಯ ಪ್ರಕಾರ ನಿಂತಿದ್ದವು. ಗುಡ್ರುನ್ ಕಾಫಿ ಕೊಟ್ಟರು, ಕೆನೆ ತುಂಬಿದ ಬನ್ನು ಕೊಟ್ಟರು. ಆಕೆಯ ಕಣ್ಣ ಕೆಳಗೆ ಕಪ್ಪಾಗಿತ್ತು.

"ಇಪ್ಪತ್ತನಾಲ್ಕು ಎಣಿಸಿದೆ. ಇಪ್ಪತ್ತನಾಲ್ಕು ವಾಪಸು ಬಂತು. ಅದು ನನಗೆ ಚೆನ್ನಾಗಿ ನೆನಪಿದೆ," ಎಂದರು.

"ನನಗೆ ಗೊತ್ತು ಗುಡ್ರುನ್. ಗುರುವಾರದೊಳಗೆ ಆ ಇಕ್ಕಳ ಹುಡುಕಿ ನಿಮ್ಮ ಹೆಸರು ಉಳಿಸ್ತೀನಿ. ಮಾತು ಕೊಡ್ತೀನಿ."

ಗುಡ್ರುನ್ ಅವನನ್ನು ದಿಟ್ಟಿಸಿ ನೋಡಿದರು. "ಹುಡುಕಪ್ಪ. ಹುಡುಕೋದು ನಿನ್ನ ಕೆಲಸ."

ಆಕೆ ಇನ್ನೇನೋ ಹೇಳಲು ಹೊರಟಂತಿತ್ತು. ಅಷ್ಟರಲ್ಲಿ ಪ್ರೇಬೆನ್ ಎರಡನೆಯ ಬನ್ನಿಗೆ ಕೈಹಾಕಿದ್ದ.

ಮಾರ್ಚ್ 11, ಮಂಗಳವಾರ. ಬೆಳಿಗ್ಗೆಯಿಂದ ಠಾಣೆಯ ಫೋನು ಬಿಡುವು ಕೊಡಲಿಲ್ಲ. 1970ರಿಂದ 2011ರವರೆಗೆ ಹಾವ್ರಿಂಗ್‌ನಲ್ಲಿ ಹೊಟ್ಟೆ ಕುಯ್ಯಿಸಿಕೊಂಡವರೆಲ್ಲ ಎಕ್ಸ್‌ರೇ ಕೇಳುತ್ತಿದ್ದರು. ಆಸ್ಪತ್ರೆಯವರು ಫೋನು ಎತ್ತದ ಕಾರಣ ಪೊಲೀಸರಿಗೆ ಮಾಡುತ್ತಿದ್ದರು. ಪಿತ್ತಕೋಶ ತೆಗೆಸಿಕೊಂಡಿದ್ದ ಪಾದ್ರಿಯೊಬ್ಬರು, ತಾನು ಪ್ರವಚನಕ್ಕೆ ನಿಂತಾಗ ಒಳಗೇನೋ ಟಣಟಣ ಎನ್ನುತ್ತದೆಂದು ದೂರಿದರು. ಯೂತ್ತೆ ಅವರಿಗೆ ಜೇಬಿನ ಬೀಗದ ಕೈ ತೆಗೆದು ನೋಡಲು ಹೇಳಿದಳು.

"ಜನಕ್ಕೆ ತಲೆ ಕೆಟ್ಟಿದೆ," ಎಂದ ಪ್ರೇಬೆನ್. ಹನ್ನೊಂದೂವರೆಗೆ "ತನಿಖೆಗೆ ಸಂಬಂಧಿಸಿದ ಕೆಲಸ" ಎಂದು ಡೈರಿಯಲ್ಲಿ ಬರೆದು ಆಸ್ಪತ್ರೆಗೆ ಹೋಗಿ ತನ್ನ ಹೊಟ್ಟೆಯ ಎಕ್ಸ್‌ರೇ ತೆಗೆಸಿಕೊಂಡ. ಗ್ಯಾಸು ಬಿಟ್ಟರೆ ಏನೂ ಇರಲಿಲ್ಲ.

ಮಧ್ಯಾಹ್ನ 2.10ಕ್ಕೆ ಓವೆ ಮುಂಕ್ ಠಾಣೆಗೆ ಬಂದ. ನಿವೃತ್ತ ಪಶುವೈದ್ಯ, ಎಂಬತ್ತರ ಆಸುಪಾಸು, ಸಲಿಕೆಯಂಥ ಕೈಗಳು. ಶುಕ್ರವಾರದ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಎಕ್ಸ್‌ರೇ ಚಿತ್ರದ ಮೇಲೆ ಬೆರಳಿಟ್ಟ.

"ಇದು ನಂದು."

"ಏಯ್ನರ್ ತನ್ನದು ಅಂತಾನೆ. ಆಸ್ಪತ್ರೆಯವರು ತಮ್ಮದು ಅಂತಾರೆ. ನೀವು ಮೂರನೆಯವರು."

"ಹಿಡಿಕೆ ಉಂಗುರದ ಪಕ್ಕ ತೂತು ಕಾಣ್ತಾ ಇದೆಯಾ? ಕೊಟ್ಟಿಗೇಲಿ ಹುಲ್ಲಿನೊಳಗೆ ಬಿದ್ದುಹೋಗುತ್ತೆ ಅಂತ ದಾರ ಕಟ್ಟೋಕೆ ನಾನೇ ಕೊರೆದದ್ದು. ಆರರಲ್ಲೂ ಕೊರೆದಿದ್ದೆ. ಐದು ಇಲ್ಲಿವೆ ನೋಡು."

ಬಟ್ಟೆ ಬಿಚ್ಚಿದ. ಐದು ಇಕ್ಕಳ. ಐದರಲ್ಲೂ ತೂತು. ಪ್ರೇಬೆನ್ ಚಿತ್ರದ ಪಕ್ಕ ಇಟ್ಟು ನೋಡಿದ. ಅಳತೆ, ತೂತು, ಬಾಗು ಎಲ್ಲ ಒಂದೇ.

"ಆರನೇದು ಯಾವಾಗ ಕಳೀತು?"

"ಎಂಬತ್ತೇಳು, ಜನವರಿ. ಆ ವಾರ ಪಕ್ಕದ ಹಳ್ಳಿ ಕಿರ್ಸ್ಟೀನ್‌ಳ ಕೆಂದ ಹಸುವಿಗೆ ಹೊಟ್ಟೆ ಕುಯ್ದು ಕರು ತೆಗೆದಿದ್ದೆ. ಅದರೊಳಗೇ ಬಿಟ್ಟೆ ಅಂದ್ಕೊಂಡೆ. ಬಾಯಿಬಿಡೋಕಾಗುತ್ತಾ? ಹಸು ಹುಲ್ಲು ಬಿಟ್ಟಾಗಲೆಲ್ಲ ನಾನು ಊಟ ಬಿಡ್ತಿದ್ದೆ. ನಾಲ್ಕು ವರ್ಷ ಆದ್ಮೇಲೆ ಅದನ್ನ ಕಸಾಯಿಖಾನೆಗೆ ಕಳಿಸಿದ್ರು. ನಾನೂ ಹಿಂದೇನೇ ಹೋದೆ. ಇಡೀ ದಿನ ಕರುಳು ಜಾಲಾಡಿದೆ. ಇರಲಿಲ್ಲ. ಇನ್ನೇನು ಮಾಡ್ಲಿ? ಸೆಗಣಿ ಜೊತೆ ಹೋಯ್ತು ಅಂತ ಸಮಾಧಾನ ಮಾಡ್ಕೊಂಡೆ."

ಯೂತ್ತೆ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದಳು.

"ಹಸುವಿನ ಇಕ್ಕಳ ಏಯ್ನರ್ ಹೊಟ್ಟೆಗೆ ಹೇಗೆ ಬಂತು, ಓವೆ?"

"ಅದನ್ನ ಕೇಳ್ಬೇಡ. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

"ತೀರಿಹೋದವರಿಗೆ."

ಕೇಳಬೇಕಾದ ಅಗತ್ಯವೂ ಇರಲಿಲ್ಲ. ಗ್ರಂಥಾಲಯದಲ್ಲಿ 1987ರ ಪತ್ರಿಕೆ ತೆರೆದಾಗ ಎಲ್ಲ ಸಿಕ್ಕಿತು. ಜನವರಿ 12ರಂದು ಬಾಗಿಲಿನೆತ್ತರ ಹಿಮ, ರಸ್ತೆಗಳೆಲ್ಲ ಬಂದ್. ಗಾಯಗೊಂಡ ಏಯ್ನರ್‌ನನ್ನು ಚಕ್ರಕ್ಕೆ ಸರಪಳಿ ಕಟ್ಟಿದ ತನ್ನ ಜೀಪಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದವನು ಪಶುವೈದ್ಯ ಓವೆ ಮುಂಕ್. ಶುದ್ಧಮಾಡಿದ ಸಾಮಾನು ತರುವ ಲಾರಿ ಹೆದ್ದಾರಿಯಲ್ಲೇ ಹೂತುಹೋಗಿತ್ತು. ಇಕ್ಕಳ ಸಾಲದೆ ಡಾ. ಹೋಲ್ಗರ್ ಓವೆಯ ಚೀಲಕ್ಕೆ ಕೈಹಾಕಿರಬೇಕು. ಕಾನೂನಿಗೆ ಹೆದರಿ ಗುಟ್ಟು ಮುಚ್ಚಿರಬೇಕು.

ಪ್ರೇಬೆನ್‌ಗೆ ಎದೆ ಹಗುರವಾಯಿತು. ಇಕ್ಕಳ ಆಸ್ಪತ್ರೆಯದೇ ಅಲ್ಲ. ಅಂದ ಮೇಲೆ ಇಪ್ಪತ್ತನಾಲ್ಕರ ಲೆಕ್ಕ ಸರಿ. ಗುಡ್ರುನ್ ಗೆದ್ದರು. ಈಗ ಬೇಕಾದದ್ದು ಮಂಡಳಿಯ ಮುಂದಿಡಲು ಆ ಇಕ್ಕಳ ಮಾತ್ರ.

ಮಾರ್ಚ್ 12, ಬುಧವಾರ, ಬೆಳಿಗ್ಗೆ 9.40. ಪ್ರೇಬೆನ್ ಸಿಹಿಸುದ್ದಿ ಹೇಳಲು ವಾರ್ಡಿಗೆ ಹೋದ. ಡಾ. ರೌನ್ ಆಪರೇಷನ್ನಿನಲ್ಲಿದ್ದರು. ಕಾಯುವಾಗ ಕೈಗೆ ಕೆಲಸವಿಲ್ಲದೆ ಮೊಳೆಯ ಮೇಲಿನ ಹಳೆಯ ವಹಿಯನ್ನು ತಿರುವಿದ. ಸಾಮಾನು, ಸಂಖ್ಯೆ, ಸಮಯ, ಸಹಿ, ವಾಪಸು ಎಂದು ಐದು ಅಂಕಣ. ಬರವಣಿಗೆ 2011ರಲ್ಲಿ ನಿಂತಿತ್ತು. ಆಮೇಲೆ ಖಾಲಿ ಗೆರೆಗಳು. ಮುಚ್ಚಬೇಕೆನ್ನುವಾಗ ಖಾಲಿ ಗೆರೆಗಳ ನಡುವೆ ಒಂದು ಹೊಸ ಸಾಲು ಕಂಡಿತು. ನೀಲಿ ಶಾಯಿ, ಅಚ್ಚು ಹಾಕಿದಂಥ ಅಕ್ಷರ.

"ಇಕ್ಕಳ, 1. ದಿನಾಂಕ 9-3-2025, 14.35. ಜಿ.ಟಿ."

ವಾಪಸು ಎಂಬಲ್ಲಿ ಖಾಲಿ.

ಪ್ರೇಬೆನ್ ಮೂರು ಸಲ ಓದಿದ. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಅವನು ಬಗೆಬಗೆಯ ಕಳ್ಳರನ್ನು ನೋಡಿದ್ದ. ಕದ್ದ ಹೊತ್ತು ಬರೆದು ಸಹಿ ಹಾಕಿ ಹೋದವರನ್ನು ಕಂಡಿರಲಿಲ್ಲ. ನಲವತ್ತೊಂದು ವರ್ಷ ಬರೆಯದೆ ಒಂದು ಸೂಜಿಯನ್ನೂ ಹೊರಗೆ ಒಯ್ಯದ ಕೈಗೆ, ಕಳವು ಮಾಡುವಾಗಲೂ ಬರೆಯದಿರಲು ಬಂದಿರಲಿಲ್ಲ.

"ಆದರೆ ಯಾಕೆ?" ಎಂದು ಗುಡ್ರುನ್ ಮನೆಗೆ ಹೋಗುವ ದಾರಿಯುದ್ದಕ್ಕೂ ಯೂತ್ತೆಯನ್ನು ಕೇಳಿದ. "ಆ ಇಕ್ಕಳ ಆಕೆಯನ್ನ ಉಳಿಸೋ ಸಾಕ್ಷ್ಯ. ತಾನೇ ಯಾಕೆ ಬಚ್ಚಿಡ್ತಾರೆ?"

"ಕೇಳಿದ್ರೆ ಹೇಳ್ತಾರೆ. ಈ ಸಲ ಬನ್ನು ತಿನ್ಬೇಡ, ಕೇಳು."

ಬಾಗಿಲು ತೆರೆದಾಗ ಗುಡ್ರುನ್ ಕೋಟು ಹಾಕಿಕೊಂಡೇ ಇದ್ದರು.

"ಮೂರು ದಿನ ಬೇಕಾಯ್ತಾ?" ಎಂದರು. "ಸಹಿ ಮಾಡಿಟ್ಟು ಬಂದಿದ್ದೆನಲ್ಲ."

"ಸೋಮವಾರ ನಾನು ಬಂದಾಗಲೇ ಹೇಳಬಹುದಿತ್ತು."

"ನೀನು ಕೇಳಲಿಲ್ಲ. ನನ್ನ ಹೆಸರು ಉಳಿಸ್ತೀನಿ ಅಂತ ಮಾತು ಕೊಟ್ಟು ಎದ್ದುಹೋದೆ. ಕೇಳಿದ್ರೆ ಹೇಳ್ತಿದ್ದೆ. ನಾನಾಗಿ ಬಾಯಿ ಬಿಡೋಕೆ ಧೈರ್ಯ ಸಾಲಲಿಲ್ಲ."

ಅಡುಗೆಮನೆಯ ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ. ಅದರ ಮಧ್ಯದಲ್ಲಿ ಇಕ್ಕಳ, ಸೋಡಾ ನೀರಿನಲ್ಲಿ ನೆನೆಸಿ ಉಜ್ಜಿ ಒರೆಸಿದ್ದು. ಹಿಡಿಕೆಯ ಪಕ್ಕ ತೂತು ಚೆನ್ನಾಗಿ ಕಾಣುತ್ತಿತ್ತು. ಆಸ್ಪತ್ರೆಯ ಮುದ್ರೆ ಎಲ್ಲಿಯೂ ಇರಲಿಲ್ಲ.

"ಇದು ಓವೆದು," ಎಂದ ಪ್ರೇಬೆನ್. "ನನಗೆ ನಿನ್ನೆಯೇ ಗೊತ್ತಾಯ್ತು. ಡಾಕ್ಟರ್ ಹೋಲ್ಗರ್ ಅವನ ಹತ್ರ ಇಸ್ಕೊಂಡ್ರು, ಅಲ್ವಾ? ಹಾಗಾದ್ರೆ ನಿಮ್ಮ ತಪ್ಪೇನೂ ಇಲ್ಲ ಗುಡ್ರುನ್! ಆಸ್ಪತ್ರೆಯ ಇಪ್ಪತ್ತನಾಲ್ಕೂ ಸರಿಯಾಗಿವೆ. ನಾಳೆ ಮಂಡಳಿಗೆ ಹಾಗೇ ಬರೀತೀನಿ. ಈ ಕಳವಿಗೂ ಏನಾದ್ರೂ ದಾರಿ ನೋಡೋಣ."

"ಸುಳ್ಳು ಬರೀಬೇಡ."

"ಸುಳ್ಳೆಲ್ಲಿ ಬಂತು?"

ಗುಡ್ರುನ್ ಕುರ್ಚಿಯಲ್ಲಿ ಕುಳಿತರು. ಬಿಳಿ ಬಟ್ಟೆಯ ಅಂಚನ್ನು ಸರಿಪಡಿಸಿದರು.

"ಓವೆಯ ಇಕ್ಕಳ ತರಿಸೋಣ ಅಂದಿದ್ದು ಡಾಕ್ಟರಲ್ಲ, ನಾನು. ಹೊಟ್ಟೆ ತುಂಬ ರಕ್ತ, ಹಿಡಿಯೋಕೆ ಇಕ್ಕಳ ಸಾಲದು. ಓವೆ ಹೊರಗೆ ಕೂತಿದ್ದ. ಅವನ ಚೀಲ ಬಿಚ್ಚಿದ್ದು ನಾನು, ಕುದಿಸಿದ್ದು ನಾನು, ನನ್ನ ಮೇಜಿನ ಮೇಲೆ ತಂದಿಟ್ಟಿದ್ದೂ ನಾನೇ. ಎಲ್ಲ ಮುಗಿದ ಮೇಲೆ ಎಣಿಸಿದೆ. ಆಸ್ಪತ್ರೆಯ ಸಾಮಾನಿಗೆ ಅಚ್ಚಾದ ಕಾರ್ಡು ಇರುತ್ತೆ. ಅದರಲ್ಲಿ ಇಪ್ಪತ್ತನಾಲ್ಕು ಅಂತ ಇತ್ತು, ಇಪ್ಪತ್ತನಾಲ್ಕು ಎಣಿಸಿದೆ, ಸಹಿ ಮಾಡಿದೆ. ಓವೆದನ್ನ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟೆ, ಅವನೂ ಎಣಿಸದೆ ಚೀಲಕ್ಕೆ ಹಾಕ್ಕೊಂಡ. ಎಷ್ಟಿದೆ ಅಂತ ನೋಡಲಿಲ್ಲ. ಕಾರ್ಡಿನಲ್ಲಿ ಇರಲಿಲ್ಲವಲ್ಲ." ಸ್ವಲ್ಪ ತಡೆದು ಹೇಳಿದರು: "ಮೇಜಿನ ಮೇಲೆ ಮೂವತ್ತಿತ್ತು ಪ್ರೇಬೆನ್. ನಾನು ಕಾರ್ಡು ನೋಡಿದೆ. ಮೇಜು ನೋಡಲಿಲ್ಲ."

ಊರೆಲ್ಲ ಸೇರಿ ಹೊರಿಸಬಹುದಾಗಿದ್ದ ತಪ್ಪಿಗಿಂತ ದೊಡ್ಡದನ್ನು ಆಕೆ ತಾನಾಗಿಯೇ ಹೊತ್ತುಕೊಂಡು ಕುಳಿತಿದ್ದರು. ಪ್ರೇಬೆನ್‌ಗೆ ಸಂಕಟವಾಯಿತು. ಬರೆದುಕೊಳ್ಳದೆ ವಿಧಿಯೂ ಇರಲಿಲ್ಲ.

"ಮುದ್ರೆ ಇರುತ್ತೋ ಇಲ್ಲವೋ ಅಂತ ಶುಕ್ರವಾರದಿಂದ ನಿದ್ದೆ ಇರಲಿಲ್ಲ," ಎಂದರು ಗುಡ್ರುನ್. "ಭಾನುವಾರ ಕಾಫಿ ಗಾಡಿ ಹೊರಗೆ ನಿಲ್ಲಿಸಿ ಒಳಗೆ ಹೋದೆ. ಮನೆಗೆ ತಂದು ಉಜ್ಜಿದೆ. ತೂತು ನೋಡಿದ ಮೇಲೆ ವಾಪಸು ಇಡೋಕೂ ಆಗಲಿಲ್ಲ, ಏಯ್ನರ್‌ಗೆ ಹೇಳೋಕೂ ಆಗಲಿಲ್ಲ. ದಿನಾ ಬೆಳಿಗ್ಗೆ ಕೋಟು ಹಾಕ್ಕೊಂಡು ಬಾಗಿಲವರೆಗೆ ಹೋಗ್ತೀನಿ, ವಾಪಸು ಬರ್ತೀನಿ."

ಯೂತ್ತೆ ಗಡಿಯಾರ ನೋಡಿದಳು. ಕಾನೂನು ಹೇಳುವಂತೆ ಹೇಳಬೇಕಿತ್ತು. "ಗುಡ್ರುನ್ ಥೂಸೆನ್, ಸಮಯ ಹನ್ನೊಂದು ಗಂಟೆ ಐದು ನಿಮಿಷ, ನಿಮ್ಮನ್ನು ಬಂಧಿಸಲಾಗಿದೆ."

"ಏಳು ನಿಮಿಷ," ಎಂದರು ಗುಡ್ರುನ್. "ನಿನ್ನ ಗಡಿಯಾರ ಹಿಂದೆ ಇದೆ."

ಯೂತ್ತೆ ತಿದ್ದಿಕೊಂಡಳು. ಇಕ್ಕಳವನ್ನು ಪಂಚನಾಮೆ ಮಾಡಿ ಜಪ್ತಿ ಮಾಡಲಾಯಿತು. ಪಂಚರಾಗಿ ಸಹಿ ಹಾಕಿದ್ದು ಪಕ್ಕದ ಮನೆಯ ಮೀನುಗಾರ ಮತ್ತು ಅವನ ಹೆಂಡತಿ. ಇಬ್ಬರೂ ಅಳುತ್ತ ಸಹಿ ಹಾಕಿದರು. ಅವರ ಹೊಟ್ಟೆಗಳನ್ನೂ ಎಣಿಸಿ ಮುಚ್ಚಿದವರು ಇದೇ ಗುಡ್ರುನ್ ತಾನೆ.

ಠಾಣೆಯ ಮುಂದೆ ಕಾರು ನಿಂತಾಗ ಗುಡ್ರುನ್ ಎದುರಿನ ಆಸ್ಪತ್ರೆಯನ್ನು ನೋಡಿದರು. "ಒಳಗೆ ಹಾಕೋ ಮೊದಲು ಒಂದು ಹತ್ತು ನಿಮಿಷ ಕೊಡ್ತೀಯಾ? ಏಯ್ನರ್‌ಗೆ ಹೇಳ್ಬೇಕು. ನೀವಿಬ್ಬರೂ ಹಿಡ್ಕೊಂಡಿದ್ರೆ ನಾನು ಅರ್ಧ ದಾರೀಲಿ ತಿರುಗಿ ಬರೋದಿಲ್ಲ."

ನಿಯಮದಲ್ಲಿ ಇರಲಿಲ್ಲ. ಪ್ರೇಬೆನ್ ರಸ್ತೆ ದಾಟಿಸಿದ.

ಏಯ್ನರ್ ಹಾಸಿಗೆಯ ಮೇಲೆ ಕುಳಿತು ಸೂಪು ಕುಡಿಯುತ್ತಿದ್ದ. ಗುಡ್ರುನ್ ನಿಂತುಕೊಂಡೇ ಎಲ್ಲ ಹೇಳಿದರು. ಹಿಮ, ಆರು ಇಕ್ಕಳ, ಕಾರ್ಡು, ಮೇಜು, ಭಾನುವಾರದ ಕಳವು. ಏನನ್ನೂ ಬಿಡಲಿಲ್ಲ, ಏನನ್ನೂ ಸಣ್ಣದು ಮಾಡಲಿಲ್ಲ. ಏಯ್ನರ್ ಚಮಚ ಕೆಳಗಿಟ್ಟ.

"ಅಂದ್ರೆ ಅದು ಹಂದಿಗಳಿಗೆ ಹಾಕ್ತಿದ್ದದ್ದಾ?"

"ಹೆಚ್ಚಾಗಿ ಹಸುಗಳಿಗೆ."

"ಕುದಿಸಿದ್ರಾ?"

"ಇಪ್ಪತ್ತು ನಿಮಿಷ."

ಏಯ್ನರ್ ಹೊದಿಕೆ ಸರಿಸಿ ತನ್ನ ಹೊಲಿಗೆಯನ್ನು ನೋಡಿಕೊಂಡ. ಪ್ರೇಬೆನ್‌ಗೆ ಹೆದರಿಕೆಯಾಯಿತು. ಈ ಮನುಷ್ಯ ಕೂಗಾಡಿದರೆ ಗುಡ್ರುನ್ ಮತ್ತೆ ಏಳಲಾರರು ಎನ್ನಿಸಿತು.

"ಆ ಆರು ಇಲ್ಲದಿದ್ರೆ ಏನಾಗ್ತಿತ್ತು?" ಎಂದು ಕೇಳಿದ ಏಯ್ನರ್.

"ಹಾಗೆಲ್ಲ ಹೇಳಿ ನಾನು ತಪ್ಪಿಸ್ಕೊಳ್ಳೋಕೆ ಬಂದಿಲ್ಲ."

"ನಾನು ಕೇಳ್ತಿದ್ದೀನಿ. ಹೇಳಿ."

"ಮೇಜಿನ ಮೇಲೇ ಹೋಗಿಬಿಡ್ತಿದ್ರಿ. ಐದು ನಿಮಿಷ ಕೂಡ ಇರಲಿಲ್ಲ."

"ನನ್ನ ಕೊನೇ ಮಗಳು ಹುಟ್ಟಿದ್ದು ಎಂಬತ್ತೊಂಬತ್ತರಲ್ಲಿ," ಎಂದ ಏಯ್ನರ್. "ಈಗ ಹಂದಿಗಳನ್ನೆಲ್ಲ ನೋಡ್ಕೊಳ್ಳೋಳು ಅವಳೇ. ಅವಳಿಗೆ ಎರಡು ಮಕ್ಕಳು." ಹೊಲಿಗೆಯ ಮೇಲೆ ಕೈಯಿಟ್ಟುಕೊಂಡ. "ನೀವು ಬಿಟ್ಟದ್ದು ಒಂದು. ಅದನ್ನ ಎಣಿಸ್ತಾ ಕೂತಿದ್ದೀರಿ. ಇವರನ್ನ ಯಾರು ಎಣಿಸ್ತಾರೆ?"

ಗುಡ್ರುನ್ ಅತ್ತರು. ನಲವತ್ತೊಂದು ವರ್ಷ ಆ ವಾರ್ಡಿನಲ್ಲಿ ಅಳದಿದ್ದವರು ಅಂದು ಹಂದಿ ಸಾಕಣೆಗಾರನ ಹಾಸಿಗೆಯ ಅಂಚಿನಲ್ಲಿ ಕುಳಿತು ಸಣ್ಣ ಮಗುವಿನಂತೆ ಅತ್ತರು. ಏಯ್ನರ್ ಏನು ಮಾಡುವುದೆಂದು ತಿಳಿಯದೆ ತನ್ನ ಸೂಪನ್ನು ಅವರ ಕಡೆ ಸರಿಸಿದ.

ಗುರುವಾರ ಮಂಡಳಿಯ ಮುಂದೆ ಗುಡ್ರುನ್ ಎದ್ದು ನಿಂತು, ಮೇಜಿನ ಮೇಲೆ ಮೂವತ್ತು ಇತ್ತೆಂದು ತಾವೇ ಹೇಳಿದರು. ಮಂಡಳಿ ಲೆಕ್ಕ ತಪ್ಪಿತ್ತೆಂದು ಬರೆಯಿತು. ಸಾಮಾನು ಎಲ್ಲಿಂದಲೇ ಬರಲಿ, ಮೇಜಿನ ಮೇಲಿರುವುದನ್ನೆಲ್ಲ ಎಣಿಸಬೇಕೆಂದು ಹೊಸ ನಿಯಮ ಮಾಡಿತು. ನಿಯಮಕ್ಕೆ ಹೆಸರೇನಿಡುವುದೆಂಬ ಚರ್ಚೆ ಬಂದಾಗ ಡಾ. ರೌನ್, "ಗುಡ್ರುನ್ ಲೆಕ್ಕ ಅನ್ನೋ ಹೆಸರು ಹಾಗೇ ಇರಲಿ. ಈಗ ಅದು ಪೂರ್ತಿಯಾಯ್ತು," ಎಂದರು. ಯಾರೂ ಎದುರು ಹೇಳಲಿಲ್ಲ.

ಕಳವಿನ ಪ್ರಕರಣದಲ್ಲಿ ನ್ಯಾಯಾಧೀಶರು ಎಚ್ಚರಿಕೆ ಕೊಟ್ಟು ಬಿಟ್ಟರು. ಜಪ್ತಿಯಾದ ಮಾಲು ಯಾರಿಗೆ ಸೇರಬೇಕೆಂಬ ಪ್ರಶ್ನೆ ಬಂದಾಗ ಆಸ್ಪತ್ರೆ ಹಿಂದೆ ಸರಿಯಿತು. ಓವೆ ಮುಂಕ್ ಬರೆದುಕೊಟ್ಟದ್ದು ಒಂದೇ ಸಾಲು: "ಏಯ್ನರ್ ಇಟ್ಟುಕೊಳ್ಳಲಿ, ನನಗಿಂತ ಅವನೇ ಹೆಚ್ಚು ಕಾಲ ಬಳಸಿದ್ದಾನೆ."

ಪ್ರೇಬೆನ್ ಕಡತ ಮುಚ್ಚುವ ಮೊದಲು ಆಪಾದಿತೆಯ ಹೇಳಿಕೆಯನ್ನು ಇನ್ನೊಮ್ಮೆ ಓದಿದ. ಯಾಕೆ ಕದ್ದಿರೆಂಬ ಪ್ರಶ್ನೆಗೆ ಗುಡ್ರುನ್ ತಮ್ಮದೇ ಕೈಬರಹದಲ್ಲಿ ಬರೆದಿದ್ದರು: "ಮುಚ್ಚಿಡಲು ಅಲ್ಲ. ಮಲಗಿದ ಮೇಲೆ ಮನುಷ್ಯನಿಗೆ ತನ್ನ ಹೊಟ್ಟೆಯನ್ನು ತಾನು ನೋಡಿಕೊಳ್ಳಲು ಬರುವುದಿಲ್ಲ, ನಮ್ಮನ್ನು ನಂಬಿ ಕಣ್ಣು ಮುಚ್ಚುತ್ತಾನೆ. ಅಷ್ಟು ಜನ ನಂಬಿ ಕಣ್ಣು ಮುಚ್ಚಿದ್ದರು. ನಾನು ತಪ್ಪಿದ್ದೆನೋ ಇಲ್ಲವೋ ಎನ್ನುವುದನ್ನು ಕಣ್ಣು ಬಿಟ್ಟು ನಾನೇ ಮೊದಲು ನೋಡಬೇಕೆನಿಸಿತು."